ನಾಳೆ ಎನ್ನಲು ಹೋಗಿ ನಿನ್ನೆ ಎಂದವಳ ಅರ್ಜಿ

ಗೆ,
ಮಾನ್ಯ ಆಯುಕ್ತರು,
ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ, ಬೆಂಗಳೂರು.

ಪ್ರತಿ: ಸಹಕಾರ ಸಂಘಗಳ ನಿಬಂಧಕರು, ಬೆಂಗಳೂರು.

ವಿಷಯ: ಮೆದುಳಿಗೆ ಪೆಟ್ಟಾಗಿ ಮಾತು ತೊಡಕಾದವರ ಕೆಲಸ ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ಈ ಪತ್ರ ಬರೆಯಲು ನನಗೆ 19 ದಿನ ಹಿಡಿಯಿತು. ಬೆಳಗ್ಗೆ ಮುಕ್ಕಾಲು ಗಂಟೆ ಬರೆಯುತ್ತೇನೆ. ಅಷ್ಟರಲ್ಲಿ ತಲೆ ಭಾರವಾಗುತ್ತದೆ, ಅಕ್ಷರಗಳು ಕಲಸಿಹೋಗುತ್ತವೆ, ಮಲಗಲೇಬೇಕು. ಬರೆದದ್ದನ್ನು ಸಂಜೆ ಮಗಳು ಓದುತ್ತಾಳೆ. ಬಿಟ್ಟುಹೋದ ಒತ್ತಕ್ಷರ ಹಾಕುತ್ತಾಳೆ. "ಅಮ್ಮಾ, ಇಲ್ಲಿ ಯಾರು ಯಾರಿಗೆ ಹೇಳಿದ್ದು?" ಎಂದು ಕೇಳುತ್ತಾಳೆ. ನಾನು ಬೆರಳು ತೋರಿಸಿಯೋ, ಇನ್ನೊಂದು ಸಲ ಬರೆದೋ ಹೇಳುತ್ತೇನೆ. ಕಾಗುಣಿತ ಅವಳದು, ಮಾತು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ "ಇಷ್ಟು ಚೆನ್ನಾಗಿ ಬರೆಯುವವರಿಗೆ ಏನು ತೊಂದರೆ?" ಎಂಬ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಸಿಕೊಂಡಿದ್ದೇನೆ.

ನಾನು ದಾವಣಗೆರೆಯವಳು. ಇಲ್ಲಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ 14 ವರ್ಷ ಕೆಲಸ ಮಾಡಿದೆ. ಸೇರಿದ್ದು ಪಿಗ್ಮಿ ಲೆಕ್ಕ ಬರೆಯಲು, ಕೊನೆಯ 8 ವರ್ಷ ಕ್ಯಾಷಿಯರ್. ಮಂಡಿಪೇಟೆಯ ಅರ್ಧ ಅಂಗಡಿಯವರ ಖಾತೆ ನಂಬರ್ ನನಗೆ ಬಾಯಲ್ಲೇ ಇತ್ತು. 8 ವರ್ಷದಲ್ಲಿ ನನ್ನ ಕೌಂಟರಿನಲ್ಲಿ ಸಂಜೆ ಹಣ ತಾಳೆಯಾಗದೆ ಮನೆಗೆ ಹೋದದ್ದು ಎರಡೇ ದಿನ. ಆ ಎರಡೂ ದಿನ ಮಾರನೇ ಬೆಳಗ್ಗೆ ನಾನೇ ತಪ್ಪು ಹುಡುಕಿ ಸರಿ ಮಾಡಿದ್ದೆ.

2021ರ ನವೆಂಬರ್‌ನಲ್ಲಿ ಹರಿಹರದಿಂದ ಗಂಡನ ಬೈಕಿನಲ್ಲಿ ಹಿಂದೆ ಕೂತು ಬರುತ್ತಿದ್ದೆ. ಕತ್ತಲಾಗಿತ್ತು. ಬಣ್ಣ ಬಳಿಯದ ಒಂದು ಹಂಪ್ ಬಂತು, ನಾನು ಹಿಂದಕ್ಕೆ ಬಿದ್ದೆ. 2016ರ ಜನವರಿಯಿಂದಲೇ ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ನಾನು ಹಾಕಿರಲಿಲ್ಲ. ಅದು ನನ್ನ ತಪ್ಪು, ಮುಚ್ಚಿಡುವುದಿಲ್ಲ. ತಲೆಯ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಆಯಿತು. 11 ದಿನದ ನಂತರ ಎಚ್ಚರವಾದಾಗ ಕೈಕಾಲು ಆಡುತ್ತಿದ್ದವು. ಎದುರಿಗೆ ನಿಂತವರೆಲ್ಲ ಯಾರು ಯಾರೆಂದು ಗೊತ್ತಾಗುತ್ತಿತ್ತು. ಹೆಸರು ಮಾತ್ರ ಒಂದೂ ಬರಲಿಲ್ಲ.

ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಜಾಸ್ತಿ ಜನರಿಗೆ ಇದು ಬರುವುದು ಪಾರ್ಶ್ವವಾಯುವಿನಿಂದ. ನನ್ನಂಥವರಿಗೆ ತಲೆಗೆ ಬಿದ್ದ ಪೆಟ್ಟಿನಿಂದ. ಮಾತು ಹುಡುಕಿ ಜೋಡಿಸುವ ಜಾಗ ಹೆಚ್ಚಿನವರಿಗೆ ಮೆದುಳಿನ ಎಡಗಡೆ ಇರುತ್ತದೆ. ಅಲ್ಲಿ ಏಟಾದರೆ ವಿಷಯ ತಲೆಯಲ್ಲಿ ನೆಟ್ಟಗೇ ಇರುತ್ತದೆ, ಪದ ಸಿಗುವುದಿಲ್ಲ. ಸಿಕ್ಕರೂ ಪಕ್ಕದ ಪದ ಸಿಗುತ್ತದೆ. ಸಕ್ಕರೆ ಕೇಳಬೇಕಾದಲ್ಲಿ ಉಪ್ಪು ಕೇಳುತ್ತೇನೆ. ಬಾಯಿಂದ ಬಿದ್ದ ತಕ್ಷಣ ತಪ್ಪೆಂದು ಗೊತ್ತಾಗುತ್ತದೆ, ತಿದ್ದಲು ಹೋದರೆ ಮತ್ತೆ ಉಪ್ಪೇ ಬರುತ್ತದೆ. 1861ರಲ್ಲಿ ಪ್ಯಾರಿಸ್‌ನ ಪೌಲ್ ಬ್ರೋಕಾ ಎಂಬ ವೈದ್ಯರು, ಏನು ಕೇಳಿದರೂ 'ತಾನ್' ಎಂದಷ್ಟೇ ಹೇಳಬಲ್ಲ ಒಬ್ಬ ರೋಗಿಯ ಮೆದುಳನ್ನು ಪರೀಕ್ಷಿಸಿ ಈ ಜಾಗ ತೋರಿಸಿದ್ದರಂತೆ. ಆ ಮನುಷ್ಯನಿಗೆ ಬೇರೆಯವರ ಮಾತು ಅರ್ಥವಾಗುತ್ತಿತ್ತು. ನನ್ನ ಥೆರಪಿಸ್ಟ್ ಇದನ್ನು ಹೇಳಿದ ದಿನ ನಾನು ಅತ್ತುಬಿಟ್ಟೆ. 160 ವರ್ಷದ ಹಿಂದೆಯೇ ಗೊತ್ತಿದ್ದ ವಿಷಯ ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ವಿಚಿತ್ರವಿದೆ, ಅದನ್ನು ತಾವು ತಿಳಿಯಬೇಕು. ನೀರು ಬೇಕು ಎನ್ನಲಾಗದ ದಿನಗಳಲ್ಲೂ ಹದಿಮೂರರ ಮಗ್ಗಿ ನನಗೆ ಸರಾಗವಾಗಿ ಬರುತ್ತಿತ್ತು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ವಚನಗಳೂ ಬರುತ್ತಿದ್ದವು. ಉರು ಹೊಡೆದದ್ದು ತಾನಾಗಿ ಹರಿದು ಬರುತ್ತದೆ, ಹೊಸದಾಗಿ ಕಟ್ಟಬೇಕಾದ ವಾಕ್ಯ ಸಿಕ್ಕಿಬೀಳುತ್ತದೆ. ಅಫೇಸಿಯಾ ಇರುವವರಲ್ಲಿ ಇದು ಸಾಮಾನ್ಯ. ಆದರೆ ನೋಡಲು ಬಂದವರೊಬ್ಬರು ಹೊರಗೆ ಹೋಗಿ, "ಮಗ್ಗಿ ಹೇಳ್ತಾಳೆ, ನೀರು ಕೇಳೋಕಾಗಲ್ವಂತೆ" ಎಂದರು. ಆ ಮಾತು ನನಗಿಂತ ಮೊದಲೇ ಸಂಘಕ್ಕೆ ತಲುಪಿತ್ತು.

ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆವು. ಅಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿದರು. ಇದು ಸಣ್ಣ ವಿಷಯವಲ್ಲ. ನನ್ನ ತೊಂದರೆ ಇರುವುದೇ ಕನ್ನಡದಲ್ಲಿ. 'ಅಂಗಡಿಗೆ' ಎನ್ನುವ ಕಡೆ 'ಅಂಗಡಿ' ಎಂದು ನಿಂತುಬಿಡುತ್ತೇನೆ. 'ಬಂದಳು', 'ಬಂದರು' ಅದಲುಬದಲಾಗುತ್ತವೆ. ಪದದ ಬಾಲ ಉದುರಿಹೋದರೆ ನಮ್ಮ ಭಾಷೆಯಲ್ಲಿ ಉಳಿಯುವುದೇನು? ಆದರೆ ದಾವಣಗೆರೆಯಿಂದ ಮೈಸೂರಿಗೆ ರಾತ್ರಿಯಿಡೀ ಪ್ರಯಾಣ, ಜೊತೆಗೊಬ್ಬರು, ಉಳಿಯುವ ಖರ್ಚು. ನಾಲ್ಕು ಸಲ ಹೋದೆವು. ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸಿದೆವು. ಏಳು ತಿಂಗಳಲ್ಲಿ ಸಣ್ಣ ವಾಕ್ಯ ಬರತೊಡಗಿತು. 2022ರ ಜೂನ್‌ನಲ್ಲಿ ಕೆಲಸಕ್ಕೆ ಹೋದೆ.

ಮತ್ತೆ ಕೌಂಟರಿನಲ್ಲೇ ಕೂರಿಸಿದರು. ಬೇಡವೆಂದು ಕೇಳಿಕೊಂಡಿದ್ದೆ. ನೋಟು ಎಣಿಸುವ ಮೆಷಿನ್ ಸದ್ದು, ಫೋನು, ಒಟ್ಟಿಗೆ ಮೂರು ಜನರ ಮಾತು. ಇವು ಬೇರೆಯವರ ಕಿವಿಯಲ್ಲಿ ಹಿಂದೆ ಸರಿದು ನಿಲ್ಲುತ್ತವೆ. ನನ್ನ ತಲೆಯಲ್ಲಿ ಎಲ್ಲವೂ ಮುಂದೆಯೇ ಬಂದು ನಿಲ್ಲುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಮಾತು ಬೆಳಗ್ಗೆಗಿಂತ ಕೆಡುತ್ತಿತ್ತು.

ಮೂರನೇ ದಿನ ಒಬ್ಬ ತರಕಾರಿ ಮಾರುವ ಅಜ್ಜಿ ಬಂದರು. ಪಾಸ್‌ಬುಕ್ ಕೊಟ್ಟು ಎಷ್ಟಿದೆ ಎಂದು ಕೇಳಿದರು. 1,540 ಇತ್ತು. ನನ್ನ ಬಾಯಿ ಸಾವಿರದ ನಾನೂರ ಐವತ್ತು ಎಂದಿತು. ತಪ್ಪೆಂದು ಗೊತ್ತಾಯಿತು, ಮತ್ತೆ ಹೇಳಿದೆ, ಮತ್ತೆ ಅದೇ ಬಂತು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಆಗ ಚೀಟಿ ತೆಗೆದು 1,540 ಎಂದು ಬರೆದು ತಿರುಗಿಸಿ ತೋರಿಸಿದೆ. ಕೈ ತಪ್ಪಲಿಲ್ಲ. ಅಜ್ಜಿ ಚೀಟಿ ನೋಡಿ, ನನ್ನ ತಲೆಯ ಹೊಲಿಗೆ ಗುರುತು ನೋಡಿ, "ಬರ್ದು ತೋರ್ಸವ್ವ, ಅಷ್ಟು ಸಾಕು" ಎಂದರು. ಅವತ್ತಿನಿಂದ ಎಲ್ಲರಿಗೂ ಬರೆದೇ ತೋರಿಸಿದೆ. ಎಂಟು ತಿಂಗಳಲ್ಲಿ ನನ್ನ ಕೌಂಟರಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ. ಕ್ಯಾಶ್ ಪುಸ್ತಕ ಸಂಘದಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು. ಕಾನೂನಿನಲ್ಲಿ 'ಸೂಕ್ತ ಹೊಂದಾಣಿಕೆ' ಎಂದು ದೊಡ್ಡದಾಗಿ ಬರೆದಿರುವುದನ್ನು ಒಬ್ಬ ತರಕಾರಿ ಅಜ್ಜಿ ಅರ್ಧ ನಿಮಿಷದಲ್ಲಿ ಮಾಡಿಕೊಟ್ಟರು.

ಕೆಲಸಕ್ಕೆ ಕುತ್ತು ಬಂದದ್ದು ಲೆಕ್ಕದಿಂದಲ್ಲ, ಒಂದು 'ನೀನು'ವಿನಿಂದ. ಮ್ಯಾನೇಜರ್ ನನಗಿಂತ ಹಿರಿಯರು, ನಾನು ಯಾವತ್ತೂ 'ಸರ್, ನೀವು' ಎಂದೇ ಮಾತಾಡಿದವಳು. ಒಂದು ದಿನ ಒಂದು ವೋಚರ್‌ಗೆ ಸಹಿ ಬೇಕಿತ್ತು. ಅವರು ಆಡಿಟರ್ ಜೊತೆ ನಿಂತಿದ್ದರು. 'ಸರ್, ಒಂದು ಸಹಿ ಮಾಡ್ತೀರಾ' ಎಂದು ತಲೆಯಲ್ಲಿ ಜೋಡಿಸಿಕೊಂಡು ಹೋದೆ. ಬಾಯಿಂದ ಬಂದದ್ದು, "ನೀನು ಸಹಿ ಮಾಡು." ಅವರ ಮುಖ ಕೆಂಪಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಲು ಹೋದರೆ ಆ ಪದವೂ ಸಿಗಲಿಲ್ಲ, ಕೈ ಮುಗಿದೆ. ಮಾರನೇ ದಿನ ಮೆಮೊ ಬಂತು: 'ಮೇಲಧಿಕಾರಿಗಳೊಂದಿಗೆ ಏಕವಚನದಲ್ಲಿ ಅಗೌರವದಿಂದ ವರ್ತಿಸಿದ್ದೀರಿ.' ಥೆರಪಿಸ್ಟ್ ಬರೆದ ಪತ್ರ ಕೊಟ್ಟೆ. ಮರ್ಯಾದೆಯ ಪ್ರತ್ಯಯ ತಪ್ಪುವುದು ಈ ತೊಂದರೆಯ ಭಾಗ, ಉದ್ದೇಶ ಅಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅದನ್ನು ಫೈಲಿಗೆ ಹಾಕಿದರು, ಅಷ್ಟೇ.

ಆಮೇಲೆ ನಾನೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಕೌಂಟರ್ ಬೇಡ, ಒಳಗಿನ ಕೋಣೆಯಲ್ಲಿ ಪಿಗ್ಮಿ ಪುಸ್ತಕಗಳ ತಾಳೆ ನೋಡುತ್ತೇನೆ, ವೋಚರ್ ಜೋಡಿಸುತ್ತೇನೆ, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಡಿ, ಬೇಕಾದರೆ ಸಂಜೆ ಅರ್ಧ ಗಂಟೆ ಜಾಸ್ತಿ ಇರುತ್ತೇನೆ. ಏನು ಮಾಡಬೇಕೆಂದು ಬಾಯಲ್ಲಿ ಹೇಳುವ ಬದಲು ಬರೆದು ಕೊಡಿ. ಇಷ್ಟೇ ಕೇಳಿದ್ದು. ಸಂಘಕ್ಕೆ ಒಂದು ಪೈಸೆ ಖರ್ಚಿಲ್ಲ, ಅಲ್ವಾ? ಉತ್ತರ ಬರಲಿಲ್ಲ.

2023ರ ಫೆಬ್ರವರಿಯ ಒಂದು ಶನಿವಾರ ಒಳಗೆ ಕರೆದರು. ನಿರ್ದೇಶಕರು ಇಬ್ಬರಿದ್ದರು, ಮ್ಯಾನೇಜರ್ ಇದ್ದರು. "ಕೂತ್ಕೊಳ್ಳಮ್ಮ" ಎಂದರು. ಒಳ್ಳೆಯ ದನಿಯಲ್ಲೇ ಮಾತಾಡಿದರು. ಸುಮ್ನೆ ಯಾಕೆ ಕಷ್ಟಪಡ್ತೀರಿ, ಮನೇಲಿ ಆರಾಮಾಗಿರಿ ಎಂದರು. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ ಇತ್ತು, ಕೆಳಗೆ ನನ್ನ ಹೆಸರು. ಓದಲು ನನಗೆ ಹೊತ್ತು ಬೇಕು. ಮೊದಲ ಸಾಲಿನಲ್ಲೇ 'ಸ್ವ-ಇಚ್ಛೆಯಿಂದ' ಎಂಬ ಪದ ಇತ್ತು, ಅಲ್ಲೇ ಸಿಕ್ಕಿಬಿದ್ದೆ. ಮನೆಗೆ ಒಯ್ದು ಗಂಡ, ಮಗಳ ಜೊತೆ ಓದಿ 'ನಾಳೆ' ತರುತ್ತೇನೆ ಎಂದು ಹೇಳಬೇಕಿತ್ತು. "ನಿನ್ನೆ" ಎಂದೆ. ಅವರು ಮುಖ ಮುಖ ನೋಡಿಕೊಂಡರು. "ನಿನ್ನೆ, ನಿನ್ನೆ" ಎಂದು ಹಾಳೆ ಎತ್ತಿಕೊಂಡೆ. ಒಬ್ಬರು ಮೆಲ್ಲಗೆ ಕೈಯಿಂದ ಹಾಳೆ ಬಿಡಿಸಿಕೊಂಡು ಮತ್ತೆ ಮೇಜಿನ ಮೇಲಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಗೋಡೆಯ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದೆ. ಯಾರೂ ಆ ಕಡೆ ನೋಡಲಿಲ್ಲ. ನನ್ನ ತಲೆ ಬಿಸಿಯಾಗಿ ಕಣ್ಣು ಮಂಜಾಗುತ್ತಿತ್ತು. ಅಲ್ಲಿಂದ ಎದ್ದರೆ ಸಾಕಾಗಿತ್ತು. ಸಹಿ ಮಾಡಿದೆ.

ಮಾನ್ಯರೇ, ಆ ಸಂಘದ ಹೆಸರು ಇಲ್ಲಿ ಬರೆದಿಲ್ಲ. ಅಲ್ಲಿ ನನ್ನ ಜೊತೆ ಊಟದ ಡಬ್ಬಿ ಹಂಚಿಕೊಂಡವರು ಇನ್ನೂ ಕೆಲಸ ಮಾಡುತ್ತಿದ್ದಾರೆ. ಇದು ಒಂದೇ ಸಂಘದ ಕಥೆ ಅಂತ ನನಗೆ ಅನ್ನಿಸುವುದೂ ಇಲ್ಲ. ಥೆರಪಿಗೆ ಬರುತ್ತಿದ್ದವರಲ್ಲಿ ಒಬ್ಬ ಲಾರಿ ಟ್ರಾನ್ಸ್‌ಪೋರ್ಟ್‌ನ ಬುಕಿಂಗ್ ಕ್ಲರ್ಕ್ ಇದ್ದರು, ಒಬ್ಬ ಖಾಸಗಿ ಶಾಲೆಯ ಟೀಚರ್ ಇದ್ದರು. ಇಬ್ಬರೂ ಮನೆಯಲ್ಲಿದ್ದಾರೆ. ಇಬ್ಬರೂ 'ಸ್ವ-ಇಚ್ಛೆಯಿಂದ'.

ಕಾನೂನು ನಮ್ಮನ್ನು ಪೂರ್ತಿ ಮರೆತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಹೇಳಿದ್ದಾರೆ. ಅದರಲ್ಲಿ 'ಮಾತು ಮತ್ತು ಭಾಷೆಯ ವೈಕಲ್ಯ' ಒಂದು. ಅದರ ವಿವರಣೆಯಲ್ಲಿ ಅಫೇಸಿಯಾ ಎಂಬ ಹೆಸರೇ ಇದೆ. ಆದರೆ ಪ್ರಮಾಣಪತ್ರಕ್ಕೆ ಹೋದಾಗ ಏನಾಯಿತು ಗೊತ್ತೇ? ಕಿಟಕಿಯಲ್ಲಿದ್ದವರು ನನ್ನನ್ನೂ ಮಗಳನ್ನೂ ನೋಡಿ "ಯಾರಿಗೆ?" ಎಂದರು. ನಾನು ಬಾಯಿ ತೆರೆದೆ, ಹೆಸರು ಬರಲು ತಡವಾಯಿತು. ಅವರು ದನಿ ಎತ್ತಿ, ಕಿವುಡರ ಹತ್ತಿರ ಮಾತಾಡುವಂತೆ ಕೂಗಿದರು. ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ನನ್ನ ಬಗ್ಗೆ ಎಲ್ಲವನ್ನೂ ಮಗಳ ಹತ್ತಿರ ಕೇಳಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ನಾಲ್ಕನೇ ಸಲಕ್ಕೆ ಶೇಕಡಾ 45 ವೈಕಲ್ಯ ಎಂದು ಬರೆದುಕೊಟ್ಟರು, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್ ಬಂತು.

ಕಾರ್ಡ್ ಹಿಡಿದು ಕಾಯ್ದೆ ಓದಿದೆವು, ಮಗಳು ಗಟ್ಟಿಯಾಗಿ, ನಾನು ಬೆರಳಿಟ್ಟು. 20ನೇ ಕಲಂ ಎಷ್ಟು ಚೆನ್ನಾಗಿದೆ. ಕೆಲಸದಲ್ಲಿರುವಾಗ ವೈಕಲ್ಯ ಬಂದರೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಆದರೆ ಇದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಅದೇ ಹಂಪ್ ಮೇಲೆ ಒಬ್ಬ ಸರ್ಕಾರಿ ನೌಕರರು ಬಿದ್ದಿದ್ದರೆ ಅವರ ಕೆಲಸ ಉಳಿಯುತ್ತಿತ್ತು, ನನ್ನದು ಹೋಯಿತು. ಹಾಗಾದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೋಣ ಎಂದು 34ನೇ ಕಲಂ ನೋಡಿದೆವು. ಶೇಕಡಾ 4 ಮೀಸಲಾತಿ ಇದೆ. ಕಣ್ಣಿನ, ಕಿವಿಯ, ಕೈಕಾಲಿನ ತೊಂದರೆಯವರು, ಆಟಿಸಂ, ಬೌದ್ಧಿಕ ಮತ್ತು ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರು. ಅವರೆಲ್ಲರಿಗೂ ಸಿಗಲೇಬೇಕು. ಮಾತು ಮತ್ತು ಭಾಷೆಯ ವೈಕಲ್ಯ ಆ ಪಟ್ಟಿಯಲ್ಲಿ ಇಲ್ಲ. ಮಗಳು ಮೂರು ಸಲ ಓದಿದಳು. ಇಲ್ಲ.

21ನೇ ಕಲಂ ಮಾತ್ರ ನಮಗೂ ಸೇರಿದ್ದು, ನನ್ನ ಮುಖ್ಯ ಕೋರಿಕೆ ಅದರ ಬಗ್ಗೆಯೇ. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು, ಅದರ ಪ್ರತಿಯನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆಯಾದರೆ ವಿಕಲಚೇತನರಿಗೆ ಯಾವ ಕೆಲಸ, ಏನು ಸೌಲಭ್ಯ ಎಂಬುದನ್ನೂ ಅದರಲ್ಲಿ ಬರೆಯಬೇಕು. ನಮ್ಮ ಸಂಘದಲ್ಲಿ 26 ಜನ ಇದ್ದೆವು. 14 ವರ್ಷದಲ್ಲಿ ಅಂಥ ಒಂದು ಹಾಳೆ ನಾನು ಗೋಡೆಯ ಮೇಲೂ ನೋಡಿಲ್ಲ, ಫೈಲಿನಲ್ಲೂ ನೋಡಿಲ್ಲ. ತಮ್ಮ ಕಚೇರಿಯ ರಿಜಿಸ್ಟರ್‌ನಲ್ಲಿ ರಾಜ್ಯದ ಎಷ್ಟು ಪತ್ತಿನ ಸಂಘಗಳ, ಎಷ್ಟು ಖಾಸಗಿ ಶಾಲೆಗಳ ನೀತಿ ಬಂದಿದೆ? ದಯವಿಟ್ಟು ಆ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿ. ಕೊಡದವರಿಗೆ ನೋಟಿಸ್ ಕಳಿಸಿ. ಯಾರೂ ದೂರು ಕೊಡದಿದ್ದರೂ ತಾವೇ ವಿಚಾರಣೆ ಮಾಡಬಹುದು, ತಮ್ಮ ಶಿಫಾರಸಿಗೆ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು ಎಂದೂ ಅದೇ ಕಾಯ್ದೆಯಲ್ಲಿದೆ. ನಮ್ಮಂಥವರು ದೂರು ಕೊಡಲಿ ಎಂದು ಕಾಯಬೇಡಿ. ದೂರು ಹೇಳಲು ಬೇಕಾದ ಮಾತೇ ನಮ್ಮಲ್ಲಿ ಕಮ್ಮಿ.

ನಿಬಂಧಕರಲ್ಲಿ ನನ್ನ ವಿನಂತಿ ಇದು. ತಮ್ಮಲ್ಲಿ ನೋಂದಾಯಿತ ಸಂಘಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಮೆದುಳಿಗೆ ಪೆಟ್ಟಾಗಿರುವ, ಪಾರ್ಶ್ವವಾಯು ಆಗಿರುವ ನೌಕರರಿಂದ ರಾಜೀನಾಮೆ ತೆಗೆದುಕೊಳ್ಳುವ ಮೊದಲು ಕನಿಷ್ಠ 30 ದಿನ ಸಮಯ ಕೊಡಬೇಕು, ಅವರು ಹೇಳಿದವರೊಬ್ಬರು ಜೊತೆಗಿರಬೇಕು, ಬೇರೆ ಕೆಲಸ ಕೊಡಲು ಯಾಕೆ ಆಗುವುದಿಲ್ಲ ಎಂದು ಆಡಳಿತ ಮಂಡಳಿ ಬರೆದಿಡಬೇಕು. ಅವತ್ತು ನನಗೆ ಒಂದು ರಾತ್ರಿ ಸಿಕ್ಕಿದ್ದರೂ ಆ ಹಾಳೆಗೆ ಸಹಿ ಬೀಳುತ್ತಿರಲಿಲ್ಲ.

ಆಯುಕ್ತರಲ್ಲಿ ಇನ್ನೂ ಒಂದೆರಡು ಮಾತು. 2022ರಿಂದ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ನಡೆಸುತ್ತಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಕ್ಲಿನಿಕ್ ತೆರೆದಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಪ್ರತಿ ಕ್ಲಿನಿಕ್‌ನಲ್ಲೂ ಕನ್ನಡದಲ್ಲಿ ಥೆರಪಿ ಕೊಡುವವರು ಇರಲಿ, ಮತ್ತೆ ಕೆಲಸಕ್ಕೆ ಹೋಗುವ ಮೊದಲು ಒಡೆಯರ ಹತ್ತಿರ ಒಂದು ಸಲ ಕೂತು ಮಾತಾಡುವವರು ಇರಲಿ ಎಂದು ಆರೋಗ್ಯ ಇಲಾಖೆಗೆ ಬರೆಯಿರಿ. ನನ್ನ ಮ್ಯಾನೇಜರ್ ಕೆಟ್ಟವರಲ್ಲ. ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಹಣ್ಣು ಹಿಡಿದು ಬಂದಿದ್ದರು. 'ಇವರು ನೀನು ಎಂದರೆ ನೀವು ಎಂದೇ ತಿಳಿಯಿರಿ' ಎಂದು ಒಬ್ಬ ಡಾಕ್ಟರ್ ಅವರಿಗೆ ಮೊದಲೇ ಹೇಳಿದ್ದರೆ ಆ ಮೆಮೊ ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಿಗೂ ಅಫೇಸಿಯಾ ಅಂದರೆ ಏನೆಂದು ತರಬೇತಿ ಕೊಡಿಸಿ. ಹಳ್ಳಿಗಳಲ್ಲಿ ಇಂಥವರನ್ನು 'ತಲೆ ಕೆಟ್ಟಿದೆ' ಎಂದು ಒಳಗೆ ಕೂರಿಸಿಬಿಡುತ್ತಾರೆ. 34ನೇ ಕಲಂ ಬದಲಾಯಿಸುವುದು ತಮ್ಮ ಕೈಯಲ್ಲಿಲ್ಲ, ಸಂಸತ್ತಿನ ಕೈಯಲ್ಲಿದೆ. ಆದರೆ ನಮ್ಮನ್ನು ಬಿಟ್ಟಿದ್ದಾರೆ ಎಂದು ಸರ್ಕಾರಕ್ಕೆ ಬರೆಯುವ ಅಧಿಕಾರ ತಮಗಿದೆ.

ಈಗ ನಾನು ಮನೆಯಲ್ಲಿ ಇಬ್ಬರು ಅಂಗಡಿಯವರ ಲೆಕ್ಕ ಬರೆಯುತ್ತೇನೆ. ಅವರು ಬಿಲ್ಲುಗಳನ್ನು ಚೀಲದಲ್ಲಿ ತಂದುಕೊಡುತ್ತಾರೆ, ಹೇಳಬೇಕಾದ್ದನ್ನು ವಾಟ್ಸಾಪ್‌ನಲ್ಲಿ ಬರೆಯುತ್ತಾರೆ. ತಿಂಗಳಿಗೆ 5,000 ರೂಪಾಯಿ ಬರುತ್ತದೆ. ನನ್ನ ಸಂಬಳದ ಕಾಲು ಭಾಗವೂ ಅಲ್ಲ. ಲೆಕ್ಕ ತಪ್ಪಿಲ್ಲ.

ಈ ಪತ್ರದ ಪ್ರತಿ, ಯುಡಿಐಡಿ ಕಾರ್ಡ್, ಆ ಮೆಮೊ, ನಾನು ಕೊಟ್ಟ ಕೋರಿಕೆಯ ಹಾಳೆ ಎಲ್ಲವನ್ನೂ ಹಿಡಿದು ಮುಂದಿನ ತಿಂಗಳು ತಮ್ಮ ಕಚೇರಿಗೆ ಖುದ್ದಾಗಿ ಬರುತ್ತೇನೆ. ಸಂಘದ ಹೆಸರನ್ನು ಅಲ್ಲಿ ತಮಗೆ ಬರೆದುಕೊಡುತ್ತೇನೆ. ಜೊತೆಗೆ ಮಗಳು ಇರುತ್ತಾಳೆ. ತಾವು ನನ್ನ ಹೆಸರು ಕೇಳಿದಾಗ ಉತ್ತರ ತಡವಾಗಬಹುದು, ಬೆಳಗ್ಗೆ ಬಂದರೆ ಸ್ವಲ್ಪ ಬೇಗ, ಮಧ್ಯಾಹ್ನವಾದರೆ ಇನ್ನೂ ನಿಧಾನ. ಬಾಯಿ ತಪ್ಪಿ 'ನೀನು' ಎಂದರೆ ಈಗಲೇ ಕ್ಷಮೆ ಕೇಳಿದ್ದೇನೆ. ಮಗಳ ಕಡೆ ತಿರುಗಬೇಡಿ. ನನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾಯಿರಿ. ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ತಿನ ಸಂಘವೊಂದರ ಮಾಜಿ ಕ್ಯಾಷಿಯರ್,
ದಾವಣಗೆರೆ